ಕೆಲಸದ ತಕರಾರು ಬಂದರೆ ಯಾವ ಬಾಗಿಲು ತಟ್ಟಬೇಕು? ಮುಂಬಯಿ, ಪುಣೆಯ ಕಾರ್ಮಿಕರಿಗೂ ಮಾಲೀಕರಿಗೂ ಸಮಗ್ರ ಮಾರ್ಗದರ್ಶಿ

2024ರ ಮಳೆಗಾಲದ ಒಂದು ಭಾನುವಾರ ಕುಂದಾಪುರ ಕಡೆಯ ಒಬ್ಬರು ಡೊಂಬಿವಲಿಯ ನಮ್ಮ ಮನೆಗೆ ಬಂದರು. ಒಂದೇ ಹೋಟೆಲಿನ ಅಡುಗೆಮನೆಯಲ್ಲಿ 11 ವರ್ಷ 7 ತಿಂಗಳು ದುಡಿದವರು. "ಅಣ್ಣಾ, ನಾಳೆಯಿಂದ ಬರ್ಬೇಡ ಅಂದ್ರು ಧಣಿ" ಎಂದು ಹೇಳಿ ಒಂದು ಪ್ಲಾಸ್ಟಿಕ್ ಕವರನ್ನು ಮೇಜಿನ ಮೇಲಿಟ್ಟರು. ಒಳಗೆ ಇಎಸ್‌ಐ (ಕಾರ್ಮಿಕರ ವಿಮೆ) ಕಾರ್ಡು, ಎರಡು ಹಳೆಯ ಪಗಾರ ವೋಚರು, ಎಣ್ಣೆ ಕಲೆಯಾದ ಪುಟ್ಟ ಡೈರಿ. ಡೈರಿಯ ಒಂದೊಂದು ಪುಟದಲ್ಲೂ "ಅಡ್ವಾನ್ಸ್ 5,000", "ಊರಿಗೆ 3,000", "ಜ್ವರ, ರಜೆ 2 ದಿನ" ಎಂಬಂಥ ಸಾಲುಗಳು, ಪ್ರತಿಯೊಂದಕ್ಕೂ ತಾರೀಖು. ಹೊರಡುವ ದಿನ ಒಂದು ಇಂಗ್ಲಿಷ್ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರಂತೆ. ಅದರಲ್ಲಿ ಏನಿತ್ತೆಂದು ಅವರಿಗೆ ಗೊತ್ತಿರಲಿಲ್ಲ.

ನಾನು ವಕೀಲನಲ್ಲ. ಸಣ್ಣ ಹೋಟೆಲು, ಅಂಗಡಿ, ವರ್ಕ್‌ಶಾಪುಗಳ ಪಗಾರ ಪತ್ರಕ, ಪಿಎಫ್ (ಭವಿಷ್ಯನಿಧಿ), ಇಎಸ್‌ಐ ಲೆಕ್ಕ ಬರೆಯುವುದು ನನ್ನ ಕೆಲಸ. ಅದರಿಂದ ಎರಡೂ ಕಡೆಯ ಕಾಗದಗಳನ್ನು ನೋಡುತ್ತೇನೆ. ಇಷ್ಟು ವರ್ಷ ನೋಡಿದ್ದರಲ್ಲಿ ನನಗೆ ಖಾತ್ರಿಯಾದ ಸಂಗತಿ ಒಂದೇ. ವಕೀಲರ ಆಫೀಸಿನ ಮೆಟ್ಟಿಲು ಹತ್ತುವ ಮೊದಲೇ ಹೆಚ್ಚಿನ ಕೇಸುಗಳ ಹಣೆಬರಹ ಬರೆದಾಗಿರುತ್ತದೆ. ಅದನ್ನು ಬರೆಯುವುದು ಯಾರ ಬಳಿ ತಾರೀಖು ಇರುವ ಕಾಗದ ಇದೆ ಎಂಬುದು. ಹಾಗಾಗಿ ಈ ಬರಹದಲ್ಲಿ ಕೋರ್ಟಿಗಿಂತ ಕೋರ್ಟಿಗೆ ಮುಂಚಿನ ದಿನಗಳ ಬಗ್ಗೆಯೇ ಹೆಚ್ಚು ಹೇಳುತ್ತೇನೆ.

ಮೊದಲ ಹೆಜ್ಜೆ: ಆ ರಾತ್ರಿಯೇ ಕಾಗದ ಜೋಡಿಸಿ

ತಕರಾರು ಶುರುವಾದ ದಿನ ಕೋಪ ಇರುತ್ತದೆ, ಅಳು ಇರುತ್ತದೆ. ಆದರೂ ಮಲಗುವ ಮೊದಲು ಕುಳಿತು ನಡೆದದ್ದನ್ನು ಬರೆಯಿರಿ. ಎಷ್ಟು ಗಂಟೆಗೆ, ಯಾರು, ಯಾವ ಮಾತು ಹೇಳಿದರು, ಹತ್ತಿರ ಯಾರಿದ್ದರು, ಎಲ್ಲವೂ ಇರಲಿ. ಕನ್ನಡದಲ್ಲೇ ಬರೆಯಿರಿ, ಅಡ್ಡಿಯಿಲ್ಲ. ಕೆಳಗೆ ತಾರೀಖು ಹಾಕಿ ಸಹಿ ಮಾಡಿ.

ಆಮೇಲೆ ನೀವು ಅಲ್ಲಿ ಕೆಲಸಕ್ಕಿದ್ದಿರಿ ಎಂದು ತೋರಿಸುವುದೆಲ್ಲವನ್ನೂ ಒಂದು ಫೈಲಿಗೆ ಹಾಕಿ: ನೇಮಕಾತಿ ಪತ್ರ, ಪಗಾರ ಚೀಟಿ, ಬ್ಯಾಂಕ್ ಪಾಸ್‌ಬುಕ್, ಪಿಎಫ್ ಪಾಸ್‌ಬುಕ್, ಇಎಸ್‌ಐ ಕಾರ್ಡು, ಐಡಿ ಕಾರ್ಡು, ಡ್ಯೂಟಿ ಹಂಚಿದ ವಾಟ್ಸಾಪ್ ಸಂದೇಶ. ನೇಮಕಾತಿ ಪತ್ರ ಕೊಟ್ಟೇ ಇಲ್ಲ ಎನ್ನುವವರು ಎದೆಗುಂದಬೇಡಿ. ಇಎಸ್‌ಐ ಕಾರ್ಡಿನಲ್ಲಿ ಇರುವ ಮಾಲೀಕರ ಹೆಸರೂ, ಪಾಸ್‌ಬುಕ್ಕಿನಲ್ಲಿ ತಿಂಗಳು ತಿಂಗಳು ಒಂದೇ ಖಾತೆಯಿಂದ ಬಂದ ಹಣವೂ ಅದೇ ಮಾತನ್ನು ಹೇಳುತ್ತವೆ. ಪುಣೆಯ ಹಿಂಜವಡಿಯಲ್ಲಿ ಕೂತು ಕಂಪ್ಯೂಟರ್ ಕೆಲಸ ಮಾಡುವವರು ಪಗಾರ ಚೀಟಿಗಳನ್ನೂ ಕೆಲಸದ ಮೌಲ್ಯಮಾಪನ ಪತ್ರಗಳನ್ನೂ ಆಗಾಗ ಇಳಿಸಿಟ್ಟುಕೊಳ್ಳಬೇಕು. ಕೆಲಸ ಹೋದ ದಿನ ಮೊದಲು ಬಂದ್ ಆಗುವುದೇ ಕಂಪನಿಯ ಲಾಗಿನ್. ಆದರೆ ಗ್ರಾಹಕರ ಮಾಹಿತಿ, ಕೋಡ್, ಕಂಪನಿಯ ಗುಟ್ಟಿನ ಫೈಲುಗಳನ್ನು ಮುಟ್ಟಬೇಡಿ. ಅದು ನಿಮ್ಮ ಮೇಲೆಯೇ ತಿರುಗಿ ಬೀಳುತ್ತದೆ.

ವಾಟ್ಸಾಪ್ ಸಂದೇಶವಿದ್ದರೆ ಸ್ಕ್ರೀನ್‌ಶಾಟ್ ತೆಗೆದು ಮೂಲವನ್ನು ಅಳಿಸುವ ತಪ್ಪು ಮಾಡಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇಂಥ ದಾಖಲೆಯ ಜೊತೆ ಒಂದು ಪ್ರಮಾಣಪತ್ರ ಕೊಡಬೇಕಾಗುತ್ತದೆ. ಮೂಲ ಫೋನು ಕೈಯಲ್ಲಿದ್ದರೆ ಆ ಕೆಲಸ ಸುಲಭ.

ಓದಲು ಬಾರದ ಕಾಗದಕ್ಕೆ ಸಹಿ ಹಾಕಬೇಡಿ. ಹಾಕಲೇಬೇಕಾದ ಒತ್ತಡ ಬಂದರೆ ಸಹಿಯ ಪಕ್ಕ ಕನ್ನಡದಲ್ಲೇ "ಓದಿ ಹೇಳಿಲ್ಲ, ಹಣ ಬಂದಿಲ್ಲ" ಎಂದು ಬರೆದು ತಾರೀಖು ಹಾಕಿ. "ನೀನಾಗಿಯೇ ರಾಜೀನಾಮೆ ಕೊಡು, ಇಲ್ಲದಿದ್ದರೆ ದಾಖಲೆ ಕೆಡುತ್ತದೆ" ಎಂದು ಕೂರಿಸಿ ಬರೆಸಿಕೊಂಡಿದ್ದರೆ ಅದೇ ದಿನ, ಬಹಳವೆಂದರೆ ಮರುದಿನ, ಈಮೇಲ್‌ನಲ್ಲಿ "ಇದು ನನ್ನ ಇಚ್ಛೆಯ ರಾಜೀನಾಮೆಯಲ್ಲ, ಒತ್ತಾಯದಿಂದ ಬರೆಸಿದ್ದು" ಎಂದು ತಿಳಿಸಿ. ಮೂರು ತಿಂಗಳು ಸುಮ್ಮನಿದ್ದು ಆಮೇಲೆ ಹೇಳಿದರೆ ನಂಬುವವರು ಕಡಿಮೆ.

ಎರಡನೆಯದು: ಕಾನೂನಿನ ಕಣ್ಣಿಗೆ ನೀವು ಯಾರು?

ಇದನ್ನು ಬಿಟ್ಟು ಮುಂದೆ ಹೋದವರು ತಪ್ಪು ಬಾಗಿಲು ತಟ್ಟಿ ವರ್ಷಗಳನ್ನು ಕಳೆದುಕೊಂಡಿದ್ದಾರೆ. ಕೆಲಸದಿಂದ ತೆಗೆದ ತಕರಾರನ್ನು ಕಾರ್ಮಿಕ ಇಲಾಖೆಗೆ ಒಯ್ಯಬೇಕಾದರೆ ನೀವು 'ಕಾರ್ಮಿಕ' ಎಂಬ ವ್ಯಾಖ್ಯೆಯೊಳಗೆ ಬರಬೇಕು. ಕೈಕೆಲಸ, ಕುಶಲ ಕೆಲಸ, ತಾಂತ್ರಿಕ ಕೆಲಸ, ಗುಮಾಸ್ತಿಕೆ, ಎಲ್ಲವೂ ಅದರಲ್ಲಿ ಸೇರುತ್ತವೆ. ಮ್ಯಾನೇಜರ್ ಮತ್ತು ಆಡಳಿತದ ಹುದ್ದೆಯವರು ಸೇರುವುದಿಲ್ಲ. ಮೇಲ್ವಿಚಾರಕರಾಗಿದ್ದು ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಪಡೆಯುವವರೂ ಸೇರುವುದಿಲ್ಲ.

ಇಲ್ಲಿ ನೋಡುವುದು ಹುದ್ದೆಯ ಹೆಸರನ್ನಲ್ಲ, ದಿನವೂ ಮಾಡುವ ಕೆಲಸವನ್ನು. ವಿಸಿಟಿಂಗ್ ಕಾರ್ಡಿನಲ್ಲಿ 'ಮ್ಯಾನೇಜರ್' ಎಂದಿದ್ದರೂ ಕೂತು ಬಿಲ್ ಹೊಡೆಯುವುದೇ ಕೆಲಸವಾಗಿದ್ದು, ಯಾರಿಗೂ ರಜೆ ಕೊಡುವ, ಯಾರನ್ನೂ ನೇಮಿಸುವ ಅಧಿಕಾರ ಇಲ್ಲದಿದ್ದರೆ ಆತ ಕಾರ್ಮಿಕ ಎಂದು ವಾದಿಸಬಹುದು. ಐಟಿಯವರಿಗೆ ಈ ಕಾಯಿದೆಗಳು ಅನ್ವಯಿಸುವುದೇ ಇಲ್ಲ ಎಂಬ ನಂಬಿಕೆ ಪುಣೆಯಲ್ಲಿ ಬಲವಾಗಿದೆ. ಅದು ತಪ್ಪು. ತಾಂತ್ರಿಕ ಕೆಲಸ ವ್ಯಾಖ್ಯೆಯಲ್ಲೇ ಇದೆ.

ನಿಜಕ್ಕೂ ಮ್ಯಾನೇಜರ್ ಆಗಿರುವವರು ನೇಮಕಾತಿ ಕರಾರಿನ ಆಧಾರದಲ್ಲಿ ಸಿವಿಲ್ ಕೋರ್ಟಿಗೆ ಹೋಗಬೇಕು. ಬಾಕಿ ಹಣದ ದಾವೆಗೆ ಸಾಮಾನ್ಯವಾಗಿ 3 ವರ್ಷದ ಗಡುವು. ಗ್ರಾಚ್ಯುಟಿಗೆ, ಅಂದರೆ ದುಡಿದ ವರ್ಷಗಳ ಲೆಕ್ಕದಲ್ಲಿ ಕೆಲಸ ಬಿಡುವಾಗ ಮಾಲೀಕರು ಕೊಡಬೇಕಾದ ಹಣಕ್ಕೆ, ಈ ಗೋಡೆ ಇಲ್ಲ, ಮ್ಯಾನೇಜರಿಗೂ ಅದು ಸಲ್ಲುತ್ತದೆ.

ಕಾಯಿದೆ ಬದಲಾಗಿದೆ

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ದೇಶದಲ್ಲಿ ಜಾರಿಗೆ ಬಂದವು: ವೇತನ, ಕೈಗಾರಿಕಾ ಸಂಬಂಧ, ಸಾಮಾಜಿಕ ಭದ್ರತೆ, ಮತ್ತು ಕೆಲಸದ ಜಾಗದ ಸುರಕ್ಷತೆ-ಆರೋಗ್ಯದ ಸಂಹಿತೆ. ಹಳೆಯ 29 ಕಾಯಿದೆಗಳು ಇವುಗಳೊಳಗೆ ಸೇರಿವೆ. ಆಫೀಸುಗಳಲ್ಲಿ ಮಾತ್ರ ಹಳೆಯ ಹೆಸರುಗಳೇ ಕಿವಿಗೆ ಬೀಳುತ್ತವೆ. ಗಾಬರಿ ಬೇಡ.

ನಮ್ಮ ಜನರಿಗೆ ನೇರವಾಗಿ ತಾಗುವ ಬದಲಾವಣೆಗಳಲ್ಲಿ ಮೊದಲನೆಯದು ನೇಮಕಾತಿ ಪತ್ರ. ಅದನ್ನು ಕೊಡುವುದು ಈಗ ಕಡ್ಡಾಯ. ಎರಡನೆಯದು ಬಾಕಿ ಪಗಾರ. ಬಿಟ್ಟರೂ, ತೆಗೆದರೂ, ರಾಜೀನಾಮೆ ಕೊಟ್ಟರೂ ಎರಡು ಕೆಲಸದ ದಿನಗಳೊಳಗೆ ಅದು ಕೈಸೇರಬೇಕು. "45 ದಿನ ಆಗಲಿ, ಫುಲ್ ಆಂಡ್ ಫೈನಲ್ ಆಗ ನೋಡೋಣ" ಎಂಬ ಹಳೆಯ ರೂಢಿಗೆ ಇನ್ನು ಆಧಾರವಿಲ್ಲ. ನಿಗದಿತ ಅವಧಿಯ ಕರಾರಿನ ಮೇಲೆ ದುಡಿಯುವವರಿಗೆ 5 ವರ್ಷದ ಬದಲು 1 ವರ್ಷಕ್ಕೇ ಗ್ರಾಚ್ಯುಟಿಯ ಹಕ್ಕು ಬಂದಿದೆ. ಪಗಾರ ಕೊಟ್ಟಿಲ್ಲವೆಂಬ ಅರ್ಜಿಗೆ ಈಗ 3 ವರ್ಷದ ಅವಕಾಶವಿದೆ, ಮತ್ತು ಕೊಟ್ಟಿದ್ದೇವೆ ಎಂದು ಸಾಬೀತು ಮಾಡುವ ಹೊರೆ ಮಾಲೀಕರ ಮೇಲಿದೆ. ನಗದು ಕೊಟ್ಟು ವೋಚರ್ ಇಡದ ಮಾಲೀಕರು ಈ ಮಾತನ್ನು ಎರಡು ಸಲ ಓದಬೇಕು.

ಮೂರನೆಯದು: ಲೆಕ್ಕವನ್ನು ನೀವೇ ಹಾಕಿ

"ನನಗೆ ಅನ್ಯಾಯ ಆಗಿದೆ" ಎಂದರೆ ಅಧಿಕಾರಿ ತಲೆ ಅಲ್ಲಾಡಿಸುತ್ತಾರೆ. "ನನಗೆ ಇಷ್ಟು ರೂಪಾಯಿ ಬರಬೇಕು" ಎಂದರೆ ಪೆನ್ನು ಎತ್ತುತ್ತಾರೆ.

ಗ್ರಾಚ್ಯುಟಿಯಿಂದ ಶುರು ಮಾಡೋಣ. 10 ಅಥವಾ ಹೆಚ್ಚು ಜನ ದುಡಿಯುವ ಕಡೆ ಇದು ಸಲ್ಲುತ್ತದೆ. ಕೊನೆಯ ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ಆ ಭಾನುವಾರ ಬಂದವರ ಕೊನೆಯ ಪಗಾರ 15,600. ಭಾಗಿಸಿದರೆ ದಿನಕ್ಕೆ 600, 15 ದಿನಕ್ಕೆ 9,000. ಸೇವೆ 11 ವರ್ಷ 7 ತಿಂಗಳು. 6 ತಿಂಗಳು ದಾಟಿದ್ದು ಪೂರ್ತಿ ವರ್ಷವೆಂದೇ ಲೆಕ್ಕ, ಆದ್ದರಿಂದ 12. ಒಟ್ಟು 1,08,000 ರೂಪಾಯಿ. ಕಾಗದದ ಹಿಂಬದಿಯಲ್ಲಿ ಈ ಅಂಕಿ ಬರೆದು ತೋರಿಸಿದಾಗ ಅವರು ಬಹಳ ಹೊತ್ತು ಅದನ್ನೇ ನೋಡುತ್ತಾ ಕುಳಿತರು. ಸಹಿ ಹಾಕಿಸಿಕೊಂಡ ಕಾಗದದಿಂದ ಈ ಹಣ ಅಳಿಸಿಹೋಗುವುದಿಲ್ಲ. ಕಾಯಿದೆ ಕೊಟ್ಟ ಗ್ರಾಚ್ಯುಟಿಯನ್ನು ಖಾಸಗಿ ಕರಾರಿನಿಂದ ಕಿತ್ತುಕೊಳ್ಳಲು ಬರುವುದಿಲ್ಲ.

ಹೊಸ ಸಂಹಿತೆಯಲ್ಲಿ 'ವೇತನ' ಎಂಬ ಶಬ್ದದ ಅರ್ಥವೂ ವಿಸ್ತಾರವಾಗಿದೆ. ಉದಾಹರಣೆಗೆ ಒಟ್ಟು 40,000 ಪಗಾರದಲ್ಲಿ 12,000 ಮೂಲವೇತನ, 28,000 ಬೇರೆ ಬೇರೆ ಭತ್ಯೆ ಎಂದು ತೋರಿಸಿದ್ದಾರೆ ಎನ್ನಿ. ಭತ್ಯೆಗಳು ಅರ್ಧವನ್ನು, ಅಂದರೆ 20,000 ಅನ್ನು ಮೀರಿದರೆ ಮೀರಿದ 8,000 ಮತ್ತೆ ವೇತನಕ್ಕೇ ಸೇರುತ್ತದೆ. ಲೆಕ್ಕ 12,000ದ ಮೇಲಲ್ಲ, 20,000ದ ಮೇಲೆ ನಡೆಯಬೇಕು.

ಹೆಚ್ಚುವರಿ ಸಿಬ್ಬಂದಿ ಎಂದು ತೆಗೆದಿದ್ದರೆ, ಒಂದು ವರ್ಷ ನಿರಂತರ ಸೇವೆ ಆಗಿರುವವರಿಗೆ ಒಂದು ತಿಂಗಳ ನೋಟಿಸ್ ಅಥವಾ ಅದರ ಪಗಾರ, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಪಗಾರ ಪರಿಹಾರವಾಗಿ ಬರಬೇಕು. 240 ದಿನ ಹಾಜರಿ ಎಂಬ ಮಾತು ಎಲ್ಲರ ಬಾಯಲ್ಲೂ ಇರುವುದು ಈ ನಿರಂತರ ಸೇವೆಯ ಲೆಕ್ಕಕ್ಕೇ. ಓವರ್‌ಟೈಮಿಗೆ ಎರಡು ಪಟ್ಟು ದರ.

ಪಿಎಫ್ ವಿಷಯ: ಯುಎಎನ್ ಎಂಬ ನಿಮ್ಮ ಪಿಎಫ್ ನಂಬರಿನಿಂದ ಪಾಸ್‌ಬುಕ್ ತೆರೆದು ನೋಡಿ. ಪಗಾರದಲ್ಲಿ ಹಿಡಿದ ಹಣ ಖಾತೆಗೆ ಬಂದಿಲ್ಲವೆಂದರೆ ಅದು ಬರೀ ಬಾಕಿಯಲ್ಲ, ಅಪರಾಧ.

ನಾಲ್ಕನೆಯದು: ಒಂದು ಪುಟದ ಪತ್ರ

ವಕೀಲರ ನೋಟಿಸಿಗಿಂತ ಮೊದಲು ನೀವೇ ಒಂದು ಪತ್ರ ಬರೆಯಿರಿ. ಸೇರಿದ ದಿನ, ಮಾಡುತ್ತಿದ್ದ ಕೆಲಸ, ಕೊನೆಯ ಪಗಾರ, ಬಿಡಿಸಿದ ದಿನ, ಬರಬೇಕಾದ ಹಣದ ಲೆಕ್ಕ, 15 ದಿನದ ಗಡುವು. ಬೈಗುಳ ಬೇಡ, ಬೆದರಿಕೆ ಬೇಡ, ಹಳೆಯ ಪುರಾಣವೂ ಬೇಡ. ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಮುಂದೆ ಅದೇ ಪ್ರತಿಯನ್ನು ಅರ್ಜಿಗೆ ಲಗತ್ತಿಸಬಹುದು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸೇವೆ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ. ಆದ್ದರಿಂದ ಸ್ಪೀಡ್ ಪೋಸ್ಟ್ ಮಾಡಿ, ರಸೀದಿಯನ್ನೂ ತಲುಪಿದ ದಾಖಲೆಯ ಪ್ರಿಂಟನ್ನೂ ಫೈಲಿಗೆ ಸೇರಿಸಿ.

ಕುಂದಾಪುರದವರ ವಿಷಯದಲ್ಲಿ ನಾವು ಮಾಡಿದ್ದು ಇಷ್ಟೇ. ಮೂರನೇ ವಾರ ಮಾಲೀಕರ ಕಡೆಯಿಂದ ಫೋನು ಬಂತು. ಗ್ರಾಚ್ಯುಟಿಯ ಪೂರ್ತಿ ಹಣ ಚೆಕ್ ಮೂಲಕ ಸಿಕ್ಕಿತು. ಎಲ್ಲರಿಗೂ ಹೀಗೆ ಆಗುತ್ತದೆ ಎಂದು ಹೇಳಲಾರೆ. ಆದರೆ ಲೆಕ್ಕವಿರುವ ಪತ್ರಕ್ಕೆ ಉತ್ತರ ಕೊಡದೆ ಕೂರುವುದು ಮಾಲೀಕರಿಗೂ ಸುಲಭವಲ್ಲ.

ಐದನೆಯದು: ಯಾವ ಬಾಗಿಲು?

ಮುಂಬಯಿಯಲ್ಲಿ ಕಾರ್ಮಿಕ ಆಯುಕ್ತರ ಮುಖ್ಯ ಕಚೇರಿ ಬಾಂದ್ರಾ-ಕುರ್ಲಾ ಸಂಕೀರ್ಣದ ಕಾಮಗಾರ ಭವನದಲ್ಲಿದೆ, ಪುಣೆಯಲ್ಲಿ ಶಿವಾಜಿನಗರದಲ್ಲಿ. ಬೋರ್ಡುಗಳೆಲ್ಲ ಮರಾಠಿ. 'ಸಹಾಯಕ ಕಾಮಗಾರ ಆಯುಕ್ತ', 'ಸರಕಾರಿ ಕಾಮಗಾರ ಅಧಿಕಾರಿ' ಎಂಬ ಎರಡು ಹೆಸರು ನೆನಪಿಟ್ಟುಕೊಂಡರೆ ದಾರಿ ಸಿಗುತ್ತದೆ. ಅರ್ಜಿಯ ಎರಡು ಪ್ರತಿ ಒಯ್ಯಿರಿ. ಒಂದನ್ನು ಅವರು ಇಟ್ಟುಕೊಳ್ಳುತ್ತಾರೆ, ಇನ್ನೊಂದಕ್ಕೆ 'ಆವಕ' ಕಿಟಕಿಯಲ್ಲಿ ತಾರೀಖಿನ ಸಿಕ್ಕಾ ಹೊಡೆದು ಕೊಡುತ್ತಾರೆ. ಆ ನೇರಳೆ ಸಿಕ್ಕಾ ಇಲ್ಲದ ಪ್ರತಿ ಹಿಡಿದು ಮನೆಗೆ ಬರಬೇಡಿ. ಗುಮಾಸ್ತರು "ಆಮೇಲೆ ಬನ್ನಿ" ಎಂದರೂ ನಗುಮುಖದಿಂದ ಅಲ್ಲೇ ನಿಂತಿರಿ.

ಅಲ್ಲಿ ಮೊದಲು ನಡೆಯುವುದು ರಾಜಿ ಮಾತುಕತೆ. ಈ ಹಂತದಲ್ಲಿ ಯಾವ ಪಕ್ಷದ ಪರವಾಗಿಯೂ ವಕೀಲರು ನಿಲ್ಲುವಂತಿಲ್ಲ. ಯೂನಿಯನ್ನಿನ ಪದಾಧಿಕಾರಿ ನಿಲ್ಲಬಹುದು. ತಕರಾರು ಹುಟ್ಟಿ 2 ವರ್ಷ ದಾಟಿದ್ದರೆ ರಾಜಿ ಅಧಿಕಾರಿ ಅದನ್ನು ತೆಗೆದುಕೊಳ್ಳುವುದಿಲ್ಲ. ಅವರು 45 ದಿನದೊಳಗೆ ವರದಿ ಕೊಡಬೇಕು. ರಾಜಿ ಮುರಿದರೆ ವರದಿ ಕೈಸೇರಿದ 90 ದಿನದೊಳಗೆ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು.

ಮಹಾರಾಷ್ಟ್ರಕ್ಕೇ ವಿಶೇಷವಾದ ಇನ್ನೊಂದು ದಾರಿ 1971ರ ಎಂಆರ್‌ಟಿಯು-ಪಲ್ಪ್ ಕಾಯಿದೆ, ಅನುಚಿತ ಕಾರ್ಮಿಕ ಪದ್ಧತಿಯ ದೂರು. ಕೋರ್ಟಿನ ಪಡಸಾಲೆಯಲ್ಲಿ ಎಲ್ಲರೂ 'ಯುಎಲ್‌ಪಿ' ಎನ್ನುತ್ತಾರೆ. ರಾಜಿ ಅಧಿಕಾರಿಯ ಬಳಿ ಹೋಗದೆ ನೇರ ಕೋರ್ಟಿಗೆ ಹೋಗುವ ಈ ದೂರಿಗೆ 90 ದಿನದ ಗಡುವು. ಸಂಹಿತೆಗಳು ಬಂದ ಮೇಲೆ ನಿಮ್ಮ ಸಂಗತಿಗೆ ಈ ಎರಡರಲ್ಲಿ ಯಾವುದು ಹೊಂದುತ್ತದೆ ಎಂಬುದನ್ನು ವಕೀಲರಿಗೆ ಕೇಳಬೇಕಾದ ಮೊದಲ ಪ್ರಶ್ನೆ ಮಾಡಿಕೊಳ್ಳಿ. ಅದಕ್ಕಾಗಿಯೇ ಮೂರು ತಿಂಗಳು ತುಂಬುವ ಮೊದಲು ಅವರ ಬಳಿ ಹೋಗಿ.

ಪಿಎಫ್ ದೂರಿಗೆ ಪಿಎಫ್ ನೋಡಿಕೊಳ್ಳುವ ಸರಕಾರಿ ಸಂಸ್ಥೆ ಇಪಿಎಫ್‌ಒದ ಆನ್‌ಲೈನ್ ದೂರು ವ್ಯವಸ್ಥೆ ಇದೆ. ಗುತ್ತಿಗೆದಾರನ ಕೈಕೆಳಗೆ ಸೆಕ್ಯುರಿಟಿ, ಹೌಸ್‌ಕೀಪಿಂಗ್ ಮಾಡುವವರು ಇದನ್ನು ತಿಳಿದಿರಲಿ: ಗುತ್ತಿಗೆದಾರ ಪಗಾರ ಕೊಡದೆ ಓಡಿಹೋದರೆ ಮುಖ್ಯ ಮಾಲೀಕರೇ ಅದನ್ನು ತುಂಬಿಕೊಡಬೇಕು.

ಹೆಣ್ಣುಮಕ್ಕಳಿಗೆ ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳವಾದರೆ 2013ರ ಕಾಯಿದೆ ಇದೆ. 10 ಅಥವಾ ಹೆಚ್ಚು ಜನರಿರುವಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಸಣ್ಣ ಜಾಗವಾದರೆ, ಅಥವಾ ದೂರು ಮಾಲೀಕರ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿ. 3 ತಿಂಗಳೊಳಗೆ ಬರೆದು ಕೊಡಬೇಕು, ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. "ಪರವೂರು, ಯಾಕೆ ಬೇಕು ತಂಗಿ" ಎಂದು ಸಮಾಧಾನ ಹೇಳುವ ನಮ್ಮವರೇ ಎಷ್ಟೋ ಸಲ ಈ ಗಡುವನ್ನು ಕಳೆಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ವಕೀಲರನ್ನು ಹಿಡಿಯುವುದು

ಹಣವಿಲ್ಲವೆಂದು ಹಿಂದೆಗೆಯುವವರಿಗೆ: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೇ ಕಲಮಿನಲ್ಲಿ ಉಚಿತ ವಕೀಲರಿಗೆ ಅರ್ಹರಾದವರ ಪಟ್ಟಿಯಿದೆ. ಅದರಲ್ಲಿ ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರ ಜೊತೆ ಕೈಗಾರಿಕಾ ಕಾರ್ಮಿಕರೂ ಇದ್ದಾರೆ. ಇವರಿಗೆ ಆದಾಯದ ಮಿತಿಯ ಪ್ರಶ್ನೆಯೇ ಬರುವುದಿಲ್ಲ. ಜಿಲ್ಲಾ ಕೋರ್ಟಿನ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಸಿಗುತ್ತದೆ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು.

ಹಣ ಕೊಟ್ಟು ವಕೀಲರನ್ನು ಇಡುವವರು ಲೇಬರ್ ಕೋರ್ಟಿನಲ್ಲೇ ದಿನವೂ ನಿಲ್ಲುವವರನ್ನು ಹುಡುಕಿ. ಫ್ಲ್ಯಾಟ್ ನೋಂದಣಿ ಮಾಡಿಸಿಕೊಟ್ಟ ಪರಿಚಯದ ವಕೀಲರು ಒಳ್ಳೆಯವರೇ ಇರಬಹುದು, ಆದರೆ ಈ ಕೋರ್ಟಿನ ನಡೆ ಬೇರೆ. ಫೀಸು ಒಟ್ಟಿಗೋ ತಾರೀಖಿಗೋ, ಟೈಪಿಂಗ್, ಜೆರಾಕ್ಸ್ ಸೇರಿದೆಯೋ ಇಲ್ಲವೋ ಎಂದು ಮೊದಲೇ ಬಿಡಿಸಿ ಕೇಳಿ. "ಗೆದ್ದರೆ ಸಿಗುವ ಹಣದಲ್ಲಿ ಇಷ್ಟು ಪಾಲು" ಎಂಬ ಕರಾರಿಗೆ ಬಾರ್ ಕೌನ್ಸಿಲಿನ ನಿಯಮದಲ್ಲಿ ಅವಕಾಶವಿಲ್ಲ. ಮೂಲ ಕಾಗದ ಕೊಡಬೇಡಿ, ಜೆರಾಕ್ಸ್ ಕೊಡಿ. ವಕಾಲತ್‌ನಾಮೆಗೆ ಸಹಿ ಹಾಕುವಾಗ ಖಾಲಿ ಹಾಳೆಗೂ ಸಹಿ ಕೇಳಿದರೆ ಬೇಡವೆನ್ನಿ.

ಮಾಲೀಕರಿಗೆ

ನಮ್ಮ ಸಣ್ಣ ಮಾಲೀಕರಲ್ಲಿ ಹೆಚ್ಚಿನವರು ಒಂದು ಕಾಲಕ್ಕೆ ತಾವೂ ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರು. ಕೆಡುಕು ಮನಸ್ಸಿನಿಂದ ತಪ್ಪು ಮಾಡುವವರು ಕಡಿಮೆ, ಬಾಯಿಮಾತಿನ ವ್ಯವಹಾರದಿಂದ ಕೆಡುವವರೇ ಹೆಚ್ಚು. ನಾನು ಲೆಕ್ಕ ಬರೆಯುತ್ತಿದ್ದ, ಠಾಣೆ ನಗರದ ಒಬ್ಬ ಮಾಲೀಕರ ಸಂಗತಿ ಹೇಳುತ್ತೇನೆ. ಒಬ್ಬ ಹುಡುಗ ತಂಗಿಯ ಮದುವೆಗೆಂದು ಊರಿಗೆ ಹೋದ, ಎರಡು ತಿಂಗಳು ಬರಲಿಲ್ಲ. ಇವರು ಮಸ್ಟರಿನಿಂದ (ಹಾಜರಿ ಪುಸ್ತಕದಿಂದ) ಹೆಸರು ಹೊಡೆದುಹಾಕಿ ಬೇರೆಯವನನ್ನು ಸೇರಿಸಿಕೊಂಡರು. ಹುಡುಗ ಮರಳಿ ಬಂದಾಗ "ಜಾಗ ಇಲ್ಲ" ಎಂದರು. ಅವನು ಕೇಸು ಹಾಕಿದ. ಕೋರ್ಟಿನಲ್ಲಿ ಕೇಳಿದ ಮೊದಲ ಪ್ರಶ್ನೆ, "ಕೆಲಸಕ್ಕೆ ಬಾ ಎಂದು ಬರೆದ ಪತ್ರ ಎಲ್ಲಿದೆ?" ಅಂಥ ಪತ್ರ ಇರಲೇ ಇಲ್ಲ. ನಾಲ್ಕು ವರ್ಷ ಓಡಾಡಿ ಕೊನೆಗೆ ದೊಡ್ಡ ಮೊತ್ತ ಕೊಟ್ಟು ಮುಗಿಸಿದರು.

ಹಾಗಾಗಿ ಕೆಲಸದವರು ಹೇಳದೆ ಕೇಳದೆ ನಿಂತರೆ ಮುಂಬಯಿಯ ವಿಳಾಸಕ್ಕೂ ಊರಿನ ವಿಳಾಸಕ್ಕೂ ಪತ್ರ ಹಾಕಿ, ಮತ್ತೆ ಹದಿನೈದು ದಿನ ಬಿಟ್ಟು ಇನ್ನೊಂದು. ಉತ್ತರ ಬರದಿದ್ದರೂ ವಿಚಾರಣೆ ನಡೆಸಿಯೇ ಹೆಸರು ತೆಗೆಯಿರಿ. ಕಳವು, ಹೊಡೆದಾಟದಂಥ ದೂರು ಇದ್ದಾಗ ಮೊದಲು ಕಾರಣ ಕೇಳುವ ನೋಟಿಸ್, ಉತ್ತರ ಒಪ್ಪಿಗೆಯಾಗದಿದ್ದರೆ ಆರೋಪಪಟ್ಟಿ, ಆಮೇಲೆ ವಿಚಾರಣೆ. ವಿಚಾರಣೆ ನಡೆಸುವವರು ದೂರು ಕೊಟ್ಟವರಾಗಲಿ ಸಾಕ್ಷಿಯಾಗಲಿ ಆಗಿರಬಾರದು. ಕೆಲಸಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಓದಿ ಹೇಳಬೇಕು, ಸಾಕ್ಷಿಗಳನ್ನು ಪ್ರಶ್ನಿಸಲು ಬಿಡಬೇಕು, ಪ್ರತಿ ದಿನದ ನಡಾವಳಿಗೆ ಇಬ್ಬರ ಸಹಿ ಇರಬೇಕು. ಅಮಾನತಿನಲ್ಲಿ ಇಟ್ಟರೆ ಮೊದಲ 90 ದಿನ ಅರ್ಧ ಪಗಾರ, ವಿಳಂಬಕ್ಕೆ ಕೆಲಸಗಾರ ಕಾರಣನಲ್ಲದಿದ್ದರೆ ಆಮೇಲೆ ಶೇ 75.

ಪಗಾರ ಪ್ರತಿ ತಿಂಗಳು 7ರೊಳಗೆ ಬ್ಯಾಂಕಿಗೆ ಹಾಕಿ. ಅಡ್ವಾನ್ಸ್ ಕೊಟ್ಟಾಗಲೆಲ್ಲ ವೋಚರಿಗೆ ಸಹಿ ಮಾಡಿಸಿಕೊಳ್ಳಿ. ಇಎಸ್‌ಐ 21,000ದವರೆಗಿನ ಪಗಾರದವರಿಗೆ. ಕೆಲಸಗಾರನಿಂದ ಶೇ 0.75, ನಿಮ್ಮಿಂದ ಶೇ 3.25. ಇದನ್ನು ಉಳಿಸಲು ಹೋಗಿ ಅಡುಗೆಮನೆಯಲ್ಲಿ ಒಂದು ಸಿಲಿಂಡರ್ ಅಪಘಾತವಾದರೆ ಹೋಟೆಲೇ ಮಾರಬೇಕಾದೀತು. ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಒತ್ತೆ ಇಟ್ಟುಕೊಳ್ಳುವ ಚಾಳಿ ಬಿಡಿ. "ಬಿಟ್ಟ ಮೇಲೆ ಎದುರಿನ ಹೋಟೆಲಿಗೆ ಸೇರಬಾರದು" ಎಂಬ ಷರತ್ತು 1872ರ ಕರಾರು ಕಾಯಿದೆಯ 27ನೇ ಕಲಮಿನಂತೆ ನಿಲ್ಲುವುದಿಲ್ಲ. ತರಬೇತಿಗೆ ನಿಜಕ್ಕೂ ಖರ್ಚು ಮಾಡಿದ್ದರೆ ಅದರ ನ್ಯಾಯವಾದ ಮೊತ್ತದ ಬಾಂಡ್ ಬೇರೆ ಮಾತು.

ರಾಜಿಯಾದರೆ

ಬಹಳಷ್ಟು ತಕರಾರುಗಳು ಮುಗಿಯುವುದು ರಾಜಿಯಲ್ಲೇ. ಅದರಲ್ಲಿ ನಾಚಿಕೆಯೇನೂ ಇಲ್ಲ. ಆದರೆ ರಾಜಿಪತ್ರವನ್ನು ಕಾರ್ಮಿಕ ಅಧಿಕಾರಿಯ ಮುಂದೆ ಅಥವಾ ಲೋಕ ಅದಾಲತ್ತಿನಲ್ಲಿ ದಾಖಲಿಸಿ. ಲೋಕ ಅದಾಲತ್ತಿನ ತೀರ್ಪಿಗೆ ಮೇಲ್ಮನವಿ ಇಲ್ಲ, ಆದ್ದರಿಂದ ಮೊತ್ತ ಒಪ್ಪಿಗೆಯೆನಿಸಿದರಷ್ಟೇ ಸಹಿ ಮಾಡಿ. ಪತ್ರದಲ್ಲಿ ಪಗಾರಕ್ಕೆ ಎಷ್ಟು, ಗ್ರಾಚ್ಯುಟಿಗೆ ಎಷ್ಟು, ಪರಿಹಾರಕ್ಕೆ ಎಷ್ಟು ಎಂದು ಬಿಡಿಬಿಡಿಯಾಗಿರಲಿ. ಅನುಭವ ಪತ್ರ ಯಾವ ದಿನ ಕೊಡುತ್ತಾರೆ, ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ತಾರೀಖನ್ನು ಯಾವಾಗ ತುಂಬುತ್ತಾರೆ ಎಂಬುದೂ ಇರಲಿ. ಅದನ್ನು ತುಂಬದೆ ಬಿಟ್ಟರೆ ಎರಡು ತಿಂಗಳ ನಂತರ ಪೋರ್ಟಲಿನಲ್ಲಿ ನೀವೇ ತುಂಬಬಹುದು.

ಚೆಕ್ ಕೊಟ್ಟರೆ ನಂಬರು, ಬ್ಯಾಂಕು, ತಾರೀಖು ರಾಜಿಪತ್ರದಲ್ಲಿ ಬರೆಸಿ. ಅದು ವಾಪಸಾದರೆ ಬ್ಯಾಂಕಿನ ಮೆಮೊ ಕೈಸೇರಿದ 30 ದಿನದೊಳಗೆ ನೋಟಿಸ್ ಕಳಿಸಬೇಕು. ನೋಟಿಸ್ ತಲುಪಿ 15 ದಿನ ಕಳೆದರೂ ಹಣ ಬರದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ 138ರ ಕೇಸು, ಅಂದರೆ ಚೆಕ್ ಬೌನ್ಸ್ ಕೇಸು, ಹಾಕಬೇಕು.